ಬಿಲಕ್ಕಿಳಿಯುವ ನಾಯಿ ಮತ್ತು ನೆಲದ ಒಡೆಯ

ಟೆರಿಯರ್ ಎಂಬ ಹೆಸರಿನ ಮೂಲ ನೆಲ ಎಂಬ ಅರ್ಥದ ಲ್ಯಾಟಿನ್ ಪದ 'ಟೆರಾ'. ನರಿ, ನೆಲ ತೋಡಿ ಬದುಕುವ ಕಾಡುಪ್ರಾಣಿಯಾದ ಬ್ಯಾಡ್ಜರ್‌ಗಳ ಬಿಲಕ್ಕೆ ನುಗ್ಗಿ ಅವನ್ನು ಹೊರಗಟ್ಟುವುದು, ಇಲ್ಲವೇ ಜನ ಗುದ್ದಲಿಯಿಂದ ಅಗೆದು ತಲುಪುವವರೆಗೆ ಬೊಗಳುತ್ತಾ ತಡೆದಿಡುವುದು ಈ ಕುಳ್ಳ ನಾಯಿಯ ಕಸುಬು. ಯಾರ ನಾಯಿಯಾದರೂ ಕಸುಬು ಒಂದೇ. ಇಂಗ್ಲೆಂಡಿನ ಕಾನೂನು ಮಾತ್ರ ಬಹುಕಾಲ ನಾಯಿಯ ಹಿಂದೆ ನಿಂತವನ ಅಂತಸ್ತನ್ನು ನೋಡಿತು.

1671ರ ಬೇಟೆ ಕಾಯ್ದೆ ವರ್ಷಕ್ಕೆ 100 ಪೌಂಡ್ ಹುಟ್ಟುವಳಿಯ ಸ್ವಂತ ಭೂಮಿಯನ್ನೋ ಅಂಥದೇ ಅರ್ಹತೆಯನ್ನೋ ಹೊಂದಿರದವರು ಮೊಲ, ಕಾಡುಕೋಳಿ ಮುಂತಾದವನ್ನು ಬೇಟೆಯಾಡುವುದನ್ನೂ ಅದಕ್ಕೆಂದು ನಾಯಿ ಸಾಕುವುದನ್ನೂ ನಿಷೇಧಿಸಿತು. ಈ ಆಸ್ತಿಯ ಷರತ್ತು ರದ್ದಾದದ್ದು 1831ರಲ್ಲಿ. ನಾಲ್ಕೇ ವರ್ಷಗಳ ನಂತರ, 1835ರ ಪ್ರಾಣಿಹಿಂಸೆ ಕಾಯ್ದೆ ಬ್ಯಾಡ್ಜರ್ ಮೇಲೆ ನಾಯಿ ಬಿಟ್ಟು ಪಣ ಕಟ್ಟುವ, ಹೆಂಡದಂಗಡಿಗಳ ಹಿತ್ತಲಿನ ಮೋಜನ್ನು ನಿಲ್ಲಿಸಿತಾದರೂ ಕುದುರೆಯೇರಿದ ಶ್ರೀಮಂತರ ನರಿಬೇಟೆಯನ್ನು ಮುಟ್ಟಲಿಲ್ಲ. ಇಂಥ ಸುಧಾರಕರು ವರ್ಷಕ್ಕೆ 500 ಪೌಂಡಿಗಿಂತ ಕಡಿಮೆ ಆದಾಯದವರ ದುರ್ಗುಣಗಳನ್ನಷ್ಟೇ ದಮನ ಮಾಡುತ್ತಾರೆ ಎಂದು ಪಾದ್ರಿ ಸಿಡ್ನಿ ಸ್ಮಿತ್ 1809ರಲ್ಲೇ ಚುಚ್ಚಿದ್ದರು.

ನರಿಬೇಟೆಯೊಳಗೂ ಮೇಲು ಕೀಳುಗಳಿದ್ದವು. ಸವಾರರು ಕುದುರೆಯ ಮೇಲೆ ಕಾಯುತ್ತಿದ್ದರೆ ಮಣ್ಣಿಗಿಳಿದು ಅಗೆಯುತ್ತಿದ್ದುದು ಕೂಲಿಯ ಟೆರಿಯರ್ ಆಳು. ಅಷ್ಟೇಕೆ, ಜಾಕ್ ರಸೆಲ್ ಟೆರಿಯರ್ ತಳಿಗೆ ಹೆಸರು ಕೊಟ್ಟ ಪಾದ್ರಿ ಜಾನ್ ರಸೆಲ್ ಆಕ್ಸ್‌ಫರ್ಡಿನಲ್ಲಿ ಓದುತ್ತಿದ್ದಾಗ ತನ್ನ ಮೂಲ ಹೆಣ್ಣುನಾಯಿ 'ಟ್ರಂಪ್' ಅನ್ನು ಕೊಂಡದ್ದು ಒಬ್ಬ ಹಾಲು ಮಾರುವವನಿಂದ ಎಂಬುದು ಪ್ರತೀತಿ. ಹಾಲಿನವನ ಹೆಸರು ಯಾವ ತಳಿಗೂ ಅಂಟಲಿಲ್ಲ. ಇಂಗ್ಲೆಂಡಿನ ಉತ್ತರದಲ್ಲಿ ಚಿತ್ರ ಬೇರೆ. ನಾರ್ತಂಬರ್ಲೆಂಡಿನ ಗಣಿ ಕಾರ್ಮಿಕರು ಬೆಡ್ಲಿಂಗ್ಟನ್ ಟೆರಿಯರ್ ಸಾಕಿದರು. ಕುದುರೆ ಹತ್ತಲಾಗದ ಕಂಬ್ರಿಯಾದ ಬೆಟ್ಟಗಳಲ್ಲಿ ಕುರಿಗಾಹಿಗಳು ಮರಿಗಳನ್ನು ಉಳಿಸಿಕೊಳ್ಳಲು ನಾಯಿಗಳ ಹಿಂದೆ ಕಾಲ್ನಡಿಗೆಯಲ್ಲೇ ನರಿಯ ಬೆನ್ನಟ್ಟಿದರು.

ಹೀಗಾಗಿ, 2005ರ ಫೆಬ್ರವರಿ 18ರಂದು ಇಂಗ್ಲೆಂಡ್ ಮತ್ತು ವೇಲ್ಸ್‌ಗಳಲ್ಲಿ ಜಾರಿಗೆ ಬಂದ, ನಾಯಿ ಬಿಟ್ಟು ಕಾಡುಪ್ರಾಣಿಗಳನ್ನು ಬೇಟೆಯಾಡುವುದನ್ನು ನಿಷೇಧಿಸಿದ 2004ರ ಬೇಟೆ ಕಾಯ್ದೆಯನ್ನು ಸಿರಿವಂತರ ವಿರುದ್ಧದ ಸೇಡೆಂದಷ್ಟೇ ಓದುವುದು ಅವಸರದ ಮಾತು. ಬಿಲದೊಳಗೆ ಒಂದು ಟೆರಿಯರ್ ಇಳಿಸಲು ಅದು ವಿನಾಯಿತಿ ಕೊಟ್ಟಿದೆ, ಆದರೆ ಗುಂಡಿಟ್ಟು ಹೊಡೆಯಲೆಂದು ಪೋಷಿಸಿದ ಹಕ್ಕಿಗಳ ರಕ್ಷಣೆಗೆ ಮಾತ್ರ. ಕುರಿಮರಿಯ ಕಾರಣ ಹೇಳಿ ಕುರಿಗಾಹಿ ಅದನ್ನು ಬಳಸುವಂತಿಲ್ಲ. ನಾಯಿ ಇಳಿಸುವವನು ನೆಲ ತನ್ನದೆಂಬುದಕ್ಕೆ, ಇಲ್ಲವೇ ಒಡೆಯನ ಅನುಮತಿಯಿದೆ ಎಂಬುದಕ್ಕೆ ಲಿಖಿತ ದಾಖಲೆಯನ್ನು ಜೊತೆಯಲ್ಲಿಟ್ಟುಕೊಂಡು, ಪೊಲೀಸರು ಕೇಳಿದರೆ ತೋರಿಸಬೇಕು.