ಪದ ಪರಿಚಯ: ಚಿಪ್‌ನೊಳಗಿನ ಸೂಕ್ಷ್ಮ ಮಸೂರ

ಕೂದಲೆಳೆ ಗಾತ್ರದ ಕಾಲುವೆಗಳಲ್ಲಿ ದ್ರವ ಹರಿಸುವುದು ಮೈಕ್ರೊಫ್ಲೂಯಿಡಿಕ್ ಚಿಪ್. ಆ ಕಾಲುವೆಯ ಮೇಲೋ ಪಕ್ಕದಲ್ಲೋ, ಚಿಪ್‌ನ ಭಾಗವಾಗಿಯೇ ಅಚ್ಚೊತ್ತಿದ ಪುಟ್ಟ ಮಸೂರಕ್ಕೆ ಸೂಕ್ಷ್ಮ ಮಸೂರ ಎಂದು ಹೆಸರು.

ಅದರ ಕೆಲಸ ಬೆಳಕು ಬಾಚಿಕೊಳ್ಳುವುದು. ಬಣ್ಣ ಹಿಡಿದ ಜೀವಕೋಶ ಪ್ರತಿದೀಪ್ತಿಯನ್ನು (ಬೆಳಕು ಬಿದ್ದಾಗ ತಾನು ಹೊಮ್ಮಿಸುವ ಬೆಳಕು) ಎಲ್ಲ ದಿಕ್ಕಿಗೂ ಚೆಲ್ಲುತ್ತದೆ. 10 ಡಿಗ್ರಿ ಅರ್ಧಕೋನದ ಶಂಕುವಿಗೆ ಸಿಗುವುದು ಅದರ ಶೇ 0.8ರಷ್ಟು ಮಾತ್ರ, ಮಸೂರದಿಂದ ಕೋನ 30 ಡಿಗ್ರಿಗೆ ಹಿಗ್ಗಿದರೆ ಶೇ 6.7.

ಹೆಚ್ಚಿನ ವಿನ್ಯಾಸಗಳು ಎಡವುವುದು ಮಸೂರದ ಆಕಾರದಲ್ಲಲ್ಲ, ಅದನ್ನಿಡುವ ಜಾಗದಲ್ಲಿ. ಚಿಪ್‌ಗೆ ಬಳಸುವ ಸಿಲಿಕೋನ್ ರಬ್ಬರ್ ಪಿಡಿಎಂಎಸ್. ಅದರ ವಕ್ರೀಭವನ ಸೂಚ್ಯಂಕ (ಬೆಳಕನ್ನು ಬಾಗಿಸುವ ಗುಣದ ಅಳತೆ) ಸುಮಾರು 1.41, ನೀರಿನದು 1.33, ಗಾಳಿಯದು 1. ಎರಡರ ಅಂತರ ಕಡಿಮೆಯಾದಷ್ಟೂ ಬೆಳಕು ಬಾಗುವುದು ಕಡಿಮೆ. 100 ಮೈಕ್ರೊಮೀಟರ್ ಅಗಲ, 20 ಮೈಕ್ರೊಮೀಟರ್ ಉಬ್ಬಿನ ಮಸೂರ ಗಾಳಿಗೆ ಮುಖ ಮಾಡಿದ್ದರೆ ಸಂಗಮದೂರ (ಬೆಳಕು ಒಂದೆಡೆ ಕೂಡುವ ದೂರ) ಸುಮಾರು 180 ಮೈಕ್ರೊಮೀಟರ್. ಅದೇ ಉಬ್ಬು ನೀರಿಗೆ ತಾಗಿತೋ, ಸುಮಾರು 1,200! ಕಾಲುವೆಯ ಗೋಡೆಯನ್ನೇ ಬಾಗಿಸಿ ಮಸೂರ ಮಾಡುವುದು ಹೆಸರಿಗಷ್ಟೇ ಮಸೂರ. ಉಬ್ಬಿನ ಮುಂದೆ ಗಾಳಿಯ ಗೂಡು ಇರಲೇಬೇಕು.

ಮಾಡುವ ಬಗೆ: 100 ಮೈಕ್ರೊಮೀಟರ್ ಅಗಲ, 10.5 ಮೈಕ್ರೊಮೀಟರ್ ಎತ್ತರದ ಫೋಟೊರೆಸಿಸ್ಟ್ (ಬೆಳಕಿನಿಂದ ಆಕಾರ ಮೂಡಿಸುವ ರಾಳ) ಬಿಲ್ಲೆಯನ್ನು ಬಿಸಿಮಾಡಿದರೆ ಅದು ಕರಗಿ, ಮೇಲ್ಮೈ ಸೆಳೆತಕ್ಕೆ 20 ಮೈಕ್ರೊಮೀಟರ್ ಗುಮ್ಮಟವಾಗುತ್ತದೆ. ಬಿಸಿ ಸಾಲದಿದ್ದರೆ ನಡುವೆ ತಗ್ಗು ಉಳಿಯುತ್ತದೆ. ಗುಮ್ಮಟದ ಮೇಲೆ ಪಿಡಿಎಂಎಸ್ ಸುರಿದರೆ ಬರುವುದು ಗುಳಿ. ಆ ಗುಳಿಯಲ್ಲಿ ಎರಡನೇ ಸಲ ಎರಕ ಹೊಯ್ದಾಗಲೇ ಮಸೂರ. ನಡುವೆ ಅಂಟದಂತೆ ತಡೆಯುವ ಸಿಲೇನ್ ರಾಸಾಯನಿಕದ ಆವಿ ಹಿಡಿಸುವುದನ್ನು ಮರೆತರೆ ಎರಡು ಎರಕಗಳೂ ಒಂದೇ ಗಟ್ಟಿಯಾಗಿ ಕೂರುತ್ತವೆ.

ಇನ್ನೊಂದು ಕಾಟ ಕುಗ್ಗುವಿಕೆ. ಒಲೆಯಲ್ಲಿ ಗಟ್ಟಿಯಾದ ಪಿಡಿಎಂಎಸ್ ಅಚ್ಚಿನಿಂದ ಬಿಡಿಸಿದಾಗ ಶೇ 1ರಷ್ಟು ಕುಗ್ಗಿದರೂ, 20 ಮಿಲಿಮೀಟರ್ ಉದ್ದದ ಚಿಪ್‌ನ ತುದಿಯಲ್ಲಿ 200 ಮೈಕ್ರೊಮೀಟರ್ ವ್ಯತ್ಯಾಸ, ಅಂದರೆ ಎರಡು ಮಸೂರದಷ್ಟು. ಒಲೆಯ ಉಷ್ಣತೆಯನ್ನು ಬದಲಿಸದೆ, ಒಮ್ಮೆ ಅಳೆದು ನೋಡಿ, ಮಾಸ್ಕನ್ನೇ (ಅಚ್ಚಿನ ನಕ್ಷೆ ಹೊತ್ತ ಪಾರದರ್ಶಕ ಹಾಳೆ ಅಥವಾ ಗಾಜು) ಅಷ್ಟು ಹಿಗ್ಗಿಸಿ ಬರೆಯಬೇಕು.

ಕಾಲುವೆಯ ಮಾಸ್ಕ್‌ನಲ್ಲೇ ಪಕ್ಕದ ಮಸೂರವನ್ನೂ ಬರೆದರೆ ಜೋಡಣೆಯ ರಗಳೆಯೇ ಇಲ್ಲ. ಆದರೆ ಅದು ಸಿಲಿಂಡರಿನಂಥ ಮಸೂರ: ಅಡ್ಡಲಾಗಿ ಹರಡುವ ಬೆಳಕನ್ನಷ್ಟೇ ಕೂಡಿಸುತ್ತದೆ, ಮೇಲೆ ಕೆಳಗೆ ಹೋದದ್ದು ಹೋಯಿತು. ಅಗ್ಗದ ಫಿಲ್ಮ್ ಮಾಸ್ಕ್ ಬಳಸಿದರಂತೂ ಬಾಗಿದ ಅಂಚಿನಲ್ಲಿ ಮೆಟ್ಟಿಲು ಮೂಡಿ ಬೆಳಕು ಚದುರುತ್ತದೆ. ಇಲ್ಲಿ ಕ್ರೋಮ್ ಮಾಸ್ಕ್ ಲೇಸು.

ಕಾಲುವೆಯ ಮೇಲಿನ ಮಸೂರವನ್ನು ಪ್ಲಾಸ್ಮಾ (ವಿದ್ಯುತ್ತಿನಿಂದ ಚುರುಕಾದ ಅನಿಲ) ಹಿಡಿಸಿ ಗಾಜಿಗೆ ಅಂಟಿಸುವಾಗ 20 ಮೈಕ್ರೊಮೀಟರ್ ಉಬ್ಬಿಗೆ ಗೂಡಿನ ಆಳ 30 ಇಟ್ಟುಕೊಳ್ಳಿ. ತುದಿ ಗಾಜಿಗೆ ತಗುಲಿದರೆ ಕಚ್ಚಿಕೊಂಡು ಚಪ್ಪಟೆಯಾಗುತ್ತದೆ, ಮತ್ತೆ ಬಿಡಿಸಲಾಗದು.