ಇಮ್ಮರ್ಸಿವ್: ಕಣ್ಣಿಗೆ ಕಟ್ಟುವ ಇತಿಹಾಸ

‘ಕಣ್ಣಿಗೆ ಕಟ್ಟುವ ಹಾಗೆ ಪಾಠ ಮಾಡುತ್ತಾರೆ’ ಅಂದರೆ ಇತಿಹಾಸದ ಮೇಷ್ಟ್ರಿಗೆ ಅದಕ್ಕಿಂತ ದೊಡ್ಡ ಹೊಗಳಿಕೆ ಬೇಡ. ಈಗ ಕೆಲವು ವಿಶ್ವವಿದ್ಯಾಲಯಗಳಲ್ಲಿ ನಿಜವಾಗಿಯೂ ಕಣ್ಣಿಗೆ ಕಟ್ಟುತ್ತಾರೆ, ಕಣ್ಣೆದುರೇ ಪರದೆ ಬರುವಂಥ ಒಂದು ಹೆಡ್‌ಸೆಟ್ಟನ್ನು! ಇಂಥ ಪಾಠಕ್ಕೆ ಬಳಸುವ ಪದ ‘ಇಮ್ಮರ್ಸಿವ್’.

ಇಮ್ಮರ್ಸ್ ಅಂದರೆ ಮುಳುಗಿಸು. ಬಾವಿಗೆ ಧುಮುಕಿದವನಿಗೆ ಸುತ್ತಲೂ ನೀರೇ ಅಲ್ವಾ? ಇಲ್ಲಿಯೂ ಹಾಗೆ, ತಲೆ ತಿರುಗಿಸಿದ ಕಡೆಯೆಲ್ಲ ಹಳೆಯ ಊರು. ಸಿನಿಮಾ ಪರದೆಗೆ ಇರುವಂಥ ಅಂಚು ಇದಕ್ಕಿಲ್ಲ. ಹೆಡ್‌ಸೆಟ್ ಹಾಕಿದರೆ ಕೆಲವರಿಗೆ ತಲೆ ಸುತ್ತುತ್ತದೆ, ದುಡ್ಡೂ ಜಾಸ್ತಿ. ಅದು ಬೇರೆ ಮಾತು.

ಒಂದು ಉದಾಹರಣೆ ನೋಡೋಣ. ಕಾಂಬೋಡಿಯಾದ ಅಂಗ್ಕೋರ್ ನಗರವನ್ನು, 1300ರ ಸುಮಾರಿಗೆ ಇದ್ದ ಹಾಗೆ, ಕಂಪ್ಯೂಟರಿನಲ್ಲಿ ಕಟ್ಟಿದ್ದಾರೆ. ‘ವರ್ಚುವಲ್ ಅಂಗ್ಕೋರ್’ ಅಂತ ಹೆಸರು. ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದಲ್ಲಿ ಬೆಳೆದ ಕೆಲಸ ಇದು. ಪದವಿ ತರಗತಿಗಳಿಗೆಂದು ಇದರ ಜೊತೆ ಪಾಠಗಳೂ ಇವೆ. 2018ರಲ್ಲಿ ಅಮೆರಿಕನ್ ಹಿಸ್ಟಾರಿಕಲ್ ಅಸೋಸಿಯೇಷನ್ ಇದಕ್ಕೆ ಡಿಜಿಟಲ್ ಇತಿಹಾಸದ ಪ್ರಶಸ್ತಿ ಕೊಟ್ಟಿತು.

ಕಷ್ಟ ಇದ್ದದ್ದು ಎಲ್ಲಿ ಗೊತ್ತಾ? ಅಂಗ್ಕೋರಿನಲ್ಲಿ ಕಲ್ಲು ದೇವರಿಗೆ ಮಾತ್ರ. ಜನರ ಮನೆ ಹೋಗಲಿ, ಅರಮನೆಯೂ ಮರದ್ದೇ. ದೇವಸ್ಥಾನಗಳು ಉಳಿದವು, ಊರು ಮಣ್ಣಾಯಿತು. ಅದೃಷ್ಟಕ್ಕೆ 1296ರಲ್ಲಿ ಜೌ ದಾಗ್ವಾನ್ ಎಂಬ ಚೀನಾದವನು ರಾಯಭಾರಿಗಳ ಜೊತೆ ಅಲ್ಲಿಗೆ ಬಂದು, ಸುಮಾರು ಒಂದು ವರ್ಷ ಇದ್ದು, ಕಂಡದ್ದನ್ನು ಬರೆದಿಟ್ಟ. ವ್ಯಾಪಾರವೆಲ್ಲ ಹೆಂಗಸರದ್ದು, ಅಂಗಡಿ ಇಲ್ಲ, ನೆಲಕ್ಕೆ ಚಾಪೆ ಹಾಸಿ ಕೂರುತ್ತಾರೆ, ಬಡವರ ಮನೆಗೆ ಹುಲ್ಲಿನ ಚಾವಣಿ, ಹೀಗೆ.

‘ಚಾಪೆ ಹಾಸಿ ಕೂತಿದ್ದಳು’ ಅಂತ ಬರೆದವನ ಕೆಲಸ ಅಲ್ಲಿಗೆ ಮುಗಿಯಿತು. ಅದನ್ನೇ ಕಂಪ್ಯೂಟರಿನಲ್ಲಿ ತೋರಿಸುವವರಿಗೆ ಮುಗಿಯುವುದಿಲ್ಲ. ಚಾಪೆ ಎಷ್ಟಗಲ? ಉಟ್ಟ ಬಟ್ಟೆಗೆ ಯಾವ ಬಣ್ಣ? ಹಿಂದೆ ಮರವೋ, ಬೇಲಿಯೋ? ಖಾಲಿ ಬಿಡುವ ಹಾಗಿಲ್ಲ. ಸ್ವಲ್ಪ ಉತ್ತರ ಶಾಸನಗಳಲ್ಲಿ ಸಿಗುತ್ತದೆ, ಸ್ವಲ್ಪ ಅಂಗ್ಕೋರಿನ ಬಾಯೊನ್ ದೇವಾಲಯದ ಗೋಡೆಯ ಕೆತ್ತನೆಗಳಲ್ಲಿ. ಮಿಕ್ಕದ್ದು ಊಹೆ. ಆದರೆ ತೆರೆಯ ಮೇಲೆ ಊಹೆಯೂ ಸಾಕ್ಷಿಯೂ ಒಂದೇ ಥರ ಹೊಳೆಯುತ್ತವೆ. ನನ್ನ ಪ್ರಕಾರ ಪಾಠ ಶುರುವಾಗಬೇಕಾದದ್ದು ಅಲ್ಲಿಂದ. ಹೆಡ್‌ಸೆಟ್ ತೆಗೆಸಿ ‘ಈ ಚಾವಣಿ ಹೀಗಿತ್ತು ಅಂತ ಇವರಿಗೆ ಹೇಗೆ ಗೊತ್ತಾಯಿತು?’ ಅಂತ ಕೇಳಬೇಕು. ಕೇಳದಿದ್ದರೆ ಅದು ಸುಮ್ನೆ ಒಂದು ಚೆಂದದ ವಿಡಿಯೋ ಗೇಮ್.

ಹಂಪಿಯದೂ ಇದೇ ಕಥೆ. ಅಲ್ಲಿನ ಅರಮನೆಗಳಲ್ಲಿ ಉಳಿದಿರುವುದು ಕಲ್ಲಿನ ಜಗತಿಗಳು. ಮೇಲಿದ್ದ ಮರದ ಕಟ್ಟಡಗಳು ಹೋಗಿವೆ. ಅವುಗಳಲ್ಲಿ ಒಂದನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ಅಂತ ವಿದ್ಯಾರ್ಥಿಗಳಿಗೆ ಹೇಳಿ ನೋಡಿ. ಕೃಷ್ಣದೇವರಾಯನ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಪೇಸ್ ಬರೆದದ್ದನ್ನು ಸಾಲು ಸಾಲಾಗಿ ಓದಲೇಬೇಕಾಗುತ್ತದೆ. ಪರೀಕ್ಷೆಗೆ ಅಷ್ಟು ಯಾರು ಓದುತ್ತಾರೆ?

ಇನ್ನು ಕೈಯಾರೆ ಮಾಡಿ ಕಲಿಯುವುದು. ಇದಕ್ಕೆ ಕರೆಂಟೂ ಬೇಡ. ಶಾಸನದ ಪಡಿಯಚ್ಚು ತೆಗೆಯುವುದನ್ನೇ ತೆಗೆದುಕೊಳ್ಳಿ. ಮೊದಲು ಕಲ್ಲು ತೊಳೆಯಬೇಕು. ಒದ್ದೆ ಕಾಗದ ಹೊದಿಸಿ, ಅಕ್ಷರದ ಗೀರಿನೊಳಗೆ ಕೂರುವ ಹಾಗೆ ಬ್ರಷ್ಷಿನಿಂದ ಬಡಿಯಬೇಕು. ಜೋರಾಗಿ ಬಡಿದರೆ ಕಾಗದ ಹರಿಯುತ್ತದೆ, ಮೆಲ್ಲಗೆ ಬಡಿದರೆ ಅಕ್ಷರ ಕೂರುವುದಿಲ್ಲ. ಆಮೇಲೆ ಮಸಿ ಒತ್ತುವುದು. ಕಾಗದದ ಮೈ ಕಪ್ಪಾಗುತ್ತದೆ, ತಗ್ಗಿನಲ್ಲಿರುವ ಅಕ್ಷರ ಬಿಳಿಯಾಗಿಯೇ ಉಳಿಯುತ್ತದೆ. ಇದನ್ನು ಯಾರೂ ಇಮ್ಮರ್ಸಿವ್ ಅಂತ ಕರೆಯುವುದಿಲ್ಲ. ನಾನು ಕರೆಯುತ್ತೇನೆ. ಒಂದು ಶಾಸನದ ಮುಂದೆ ಅರ್ಧ ದಿನ ಕುಕ್ಕರಗಾಲಲ್ಲಿ ಕೂತವರು ಅದರಲ್ಲಿ ಮುಳುಗಿಲ್ಲ ಅನ್ನುವುದು ಹೇಗೆ?

ಕಾಗದ ಒಣಗಿದ ಮೇಲೆ ಬಿಡಿಸಿ ಬೆಳಕಿಗೆ ಹಿಡಿದರೆ ಎಲ್ಲೋ ಒಂದು ಕಡೆ ಬಿಳಿ ಗೆರೆ ಕಾಣುತ್ತದೆ. ಅಕ್ಷರವೋ, ಕಲ್ಲಿನ ಬಿರುಕೋ? ತಿಳಿಯುವುದಿಲ್ಲ. ವಾಪಸ್ ಕಲ್ಲಿನ ಹತ್ತಿರ ಹೋಗಿ ಬೆರಳಾಡಿಸಬೇಕು.