ತೊಗರಿ ಅದೇ, ಚೀಟಿ ಬೇರೆ

ಕಲಬುರಗಿಯ ಅಪ್ಪನ ಕೆರೆ ದಂಡೆಯ ಮಾತುಕತೆಯಲ್ಲಿ ಈಗ ಹಣೆಬರಹದ ಜಾಗಕ್ಕೆ ಜೀನ್ ಬಂದು ಕುಳಿತಿದೆ. ಒಬ್ಬರಿಗೆ ಅರ್ಧ ಗಂಟೆ ಬಿರುಸಾಗಿ ನಡೆದರೆ ತಲೆ ಹಗುರಾಗುತ್ತದೆ, ಪಕ್ಕದವರಿಗೆ ಬೆವರು ಬಿಟ್ಟು ಬೇರೇನೂ ಬರುವುದಿಲ್ಲ. ‘ನಮ್ಮ ಜೀನ್ಸ್‌ನಾಗೇ ಇಲ್ರೀ ಅದು’ ಎಂದು ಅವರು ಕೈತೊಳೆದುಕೊಳ್ಳುತ್ತಾರೆ. ಈ ಮಾತಿನಲ್ಲಿ ಎಳ್ಳಷ್ಟು ನಿಜವಿದೆ. ನನಗೆ ಖುಷಿ ಕೊಡುವುದು ಆ ಎಳ್ಳೇ.

ವ್ಯಾಯಾಮಕ್ಕೆ ಸ್ಪಂದಿಸುವ ಪ್ರೊಟೀನುಗಳಲ್ಲಿ ಬಿಡಿಎನ್‌ಎಫ್ (ಬ್ರೈನ್-ಡಿರೈವ್ಡ್ ನ್ಯೂರೋಟ್ರೋಫಿಕ್ ಫ್ಯಾಕ್ಟರ್) ಹೆಸರುವಾಸಿ. ನರಕೋಶಗಳು ಬಾಳಲು, ಅವುಗಳ ನಡುವಿನ ಬೆಸುಗೆ ಗಟ್ಟಿಯಾಗಲು ಅದು ಬೇಕು. 1982ರಲ್ಲಿ ಬಾರ್ಡ್ ಮತ್ತು ತೋನೆನ್ ಅವರ ತಂಡ ಅದನ್ನು ಮೊದಲು ಬೇರ್ಪಡಿಸಿದ್ದು ಹಂದಿಯ ಮಿದುಳಿನಿಂದ. ಒಂದೂವರೆ ಕಿಲೋ ಮಿದುಳಿಗೆ ಸಿಕ್ಕಿದ್ದು ಸುಮಾರು ಒಂದು ಮೈಕ್ರೋಗ್ರಾಂ!

ಇದರ ಜೀನ್ ಇರುವುದು 11ನೇ ಕ್ರೋಮೊಸೋಮಿನಲ್ಲಿ. ಆ ಜೀನಿನ ಡಿಎನ್‌ಎ ಬರಹದಲ್ಲಿ ಒಂದೇ ಅಕ್ಷರ ಬದಲಾದರೆ ಪ್ರೊಟೀನಿನ 66ನೇ ಸ್ಥಾನದಲ್ಲಿ ವ್ಯಾಲೀನ್ ಎಂಬ ಅಮೈನೊ ಆಮ್ಲ ಹೋಗಿ ಮೆಥಿಯೊನೀನ್ ಎಂಬುದು ಕೂರುತ್ತದೆ. ಸ್ವಾರಸ್ಯವೆಂದರೆ, 66ನೇ ಸ್ಥಾನ ಬರುವ ತುಂಡನ್ನು ಕೋಶ ಕೊನೆಗೆ ಕತ್ತರಿಸಿ ಹಾಕುತ್ತದೆ. ಕೆಲಸಕ್ಕಿಳಿಯುವ ಬಿಡಿಎನ್‌ಎಫ್ ಎರಡೂ ಬಗೆಯವರಲ್ಲಿ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿ? ನಮ್ಮ ಗಂಜ್‌ನಲ್ಲಿ ತೊಗರಿ ಚೀಲಕ್ಕೆ ಕಟ್ಟಿದ ಚೀಟಿ ನೆನಪಿಸಿಕೊಳ್ಳಿ. ಚೀಟಿ ಮಸುಕಾದರೆ ಕಾಳು ಕೆಡುವುದಿಲ್ಲ, ಆದರೆ ಚೀಲ ಸರಿಯಾದ ಲಾರಿ ಹತ್ತುವುದಿಲ್ಲ. ಕತ್ತರಿಸಿಹೋಗುವ ಆ ತುಂಡು ಕೋಶದೊಳಗಿನ ಚೀಟಿ. ದಿನನಿತ್ಯ ತಾನಾಗಿ ಒಸರುವ ಬಿಡಿಎನ್‌ಎಫ್‌ಗೆ ಇದರಿಂದ ತೊಂದರೆಯಿಲ್ಲ. ನರಕೋಶ ಚುರುಕಾಗಿ, ಸರಕು ಈಗಲೇ ಬೇಕೆಂದು ಕೂಗಿದಾಗ ಮಾತ್ರ ರವಾನೆ ಕುಂಟುತ್ತದೆ. ಜೀನಿನ ಎರಡೂ ಪ್ರತಿಗಳಲ್ಲಿ ಈ ಬದಲಾವಣೆ ಇಟ್ಟು ಬೆಳೆಸಿದ ಇಲಿಗಳ ನರಕೋಶಗಳಲ್ಲಿ ಇಂಥ ರವಾನೆ ಸುಮಾರು ಶೇ 30ರಷ್ಟು ತಗ್ಗಿದ್ದನ್ನು 2006ರಲ್ಲಿ ವರದಿ ಮಾಡಿದರು. ಒಂದು ಸಲದ ಓಟವೂ ನರಕೋಶಗಳನ್ನು ಚುರುಕುಗೊಳಿಸುವ ಕೆಲಸವೇ ಆದ್ದರಿಂದ, ಅದರ ಲಾಭ ಜನರಿಂದ ಜನರಿಗೆ ಬೇರೆಯಾಗಲು ಇದೊಂದು ಕಾರಣವಿರಬಹುದೆಂಬ ಗುಮಾನಿ ಹುಟ್ಟಿದ್ದು ಸಹಜ.

ಆದರೆ ಇಲಿಯ ಲೆಕ್ಕವನ್ನು ಮನುಷ್ಯನ ಮೇಲೆ ಹೊರಿಸುವುದು ಅವಸರ. ಮನುಷ್ಯರ ಮೇಲಿನ ಫಲಿತಾಂಶಗಳು ಒಂದೇ ದಿಕ್ಕಿನಲ್ಲಿಲ್ಲ. ಒಮ್ಮೆ ನಡೆದು ಬಂದರೆ ಗಮನ, ಉತ್ಸಾಹಗಳಲ್ಲಿ ಆಗುವ ಏರಿಕೆಯೇ ಸಣ್ಣದು, ಅದರಲ್ಲಿ ಒಂದು ಅಕ್ಷರದ ಪಾಲು ಇನ್ನೂ ಸಣ್ಣದು. ಡೋಪಮೈನನ್ನು ಒಡೆಯುವ ಸಿಒಎಂಟಿ ಕಿಣ್ವದ ಜೀನೂ ಇಲ್ಲಿ ಕೈಯಾಡಿಸುತ್ತದೆಂಬ ಅನುಮಾನವಿದೆ. ರಾತ್ರಿಯ ನಿದ್ದೆ, ಮೈಗಿರುವ ರೂಢಿ, ನಮ್ಮೂರ ಮೇ ತಿಂಗಳ ಬಿಸಿಲು ಬೇರೆ.

ಜೀನ್ ಪರೀಕ್ಷೆ ಮಾಡಿಸಿ ನಿಮಗೊಪ್ಪುವ ವ್ಯಾಯಾಮ ಹೇಳುತ್ತೇವೆ ಎನ್ನುವವರನ್ನು ಕಂಡರೆ ನನಗೆ ಗಿಳಿಶಾಸ್ತ್ರದವರೇ ವಾಸಿ ಅನ್ನಿಸುತ್ತದೆ, ಅವರ ದರ ಕಡಿಮೆ. ಓಡಿದ ಮೇಲೆ ರಕ್ತ ತೆಗೆದು ಬಿಡಿಎನ್‌ಎಫ್ ಅಳೆದರೂ ಗೊಂದಲ ಹೋಗದು: ರಕ್ತದಲ್ಲಿರುವ ಬಿಡಿಎನ್‌ಎಫ್‌ನ ಹೆಚ್ಚು ಪಾಲು ಕೂಡಿಟ್ಟಿರುವುದು ರಕ್ತ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್‌ಗಳಲ್ಲಿ, ಮಿದುಳು ಎಷ್ಟು ಕಳಿಸಿತೆಂಬುದು ಆ ಅಂಕಿಯಲ್ಲಿ ಕಾಣುವುದಿಲ್ಲ.